ಕೊನೆಗೆ ಬಂದವನಿಗೂ ಅಷ್ಟೇ ಕೂಲಿ

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಸುಗ್ಗಿಯ ಕಾಲವೆಂದರೆ ಕಣ್ಣು ಹಾಯುವಷ್ಟು ದೂರವೂ ಕೆಂಪು. ವರ್ಷದ ಮೊದಲ ತಿಂಗಳುಗಳಲ್ಲಿ, ಅದರಲ್ಲೂ ಪೇಟೆಯ ದಿನಗಳಾದ ಸೋಮವಾರ ಮತ್ತು ಗುರುವಾರ, ಸುತ್ತಲಿನ ಜಿಲ್ಲೆಗಳಿಂದಲೂ ನೆರೆಯ ಆಂಧ್ರದಿಂದಲೂ ಬಂದ ಮೆಣಸಿನಕಾಯಿ ಚೀಲಗಳು ಅಂಗಡಿಗಳ ಮುಂದೆ ಸಾಲುಗಟ್ಟುತ್ತವೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಗುಣದಿಂದ ಹೆಸರಾದ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಟೆಂಡರಿನ ಗಡಿಬಿಡಿ, ಹಮಾಲರ ಕೂಗು, ತೂಕದ ಗದ್ದಲ ಇವುಗಳ ಬದಿಯಲ್ಲೇ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿರುತ್ತದೆ. ಸೆರಗನ್ನು ಮೂಗು ಬಾಯಿಗೆ ಸುತ್ತಿಕೊಂಡ ಹೆಂಗಸರು ರಾಶಿಯ ಸುತ್ತ ಕುಳಿತು ಕಾಯಿಯ ತುಂಬು ಬಿಡಿಸುತ್ತಾರೆ. ಬಿಡಿಸಿದಷ್ಟು ಕಾಯಿಯ ತೂಕಕ್ಕೆ ತಕ್ಕ ಕೂಲಿ. ಕೈ ಚುರುಕಾಗಿದ್ದವಳಿಗೆ ಹೆಚ್ಚು, ವಯಸ್ಸಾದವಳಿಗೆ ಕಡಿಮೆ, ಮಗುವಿಗೆ ಜ್ವರ ಬಂದು ಮಧ್ಯಾಹ್ನಕ್ಕೆ ಬಂದವಳಿಗೆ ಇನ್ನೂ ಕಡಿಮೆ. ಇದು ಎಲ್ಲರೂ ಒಪ್ಪಿಕೊಂಡ ಲೆಕ್ಕ.

ಈ ಲೆಕ್ಕವನ್ನೇ ಕೆಣಕುವ ಕಥೆಯೊಂದನ್ನು ಎರಡು ಸಾವಿರ ವರ್ಷಗಳ ಹಿಂದೆ ಯೇಸುಕ್ರಿಸ್ತ ಹೇಳಿದ. ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ಬರುವ ಆ ಕಥೆಯಲ್ಲಿ ದ್ರಾಕ್ಷಿ ತೋಟದ ಯಜಮಾನನೊಬ್ಬ ನಸುಕಿನಲ್ಲಿ ಪೇಟೆಗೆ ಹೋಗಿ ಆಳುಗಳನ್ನು ಗೊತ್ತುಮಾಡುತ್ತಾನೆ. ಮತ್ತೆ ಮತ್ತೆ ಹೋಗಿ ಹೊಸಬರನ್ನು ಕರೆತರುತ್ತಾನೆ. ಹೊತ್ತು ಮುಳುಗಲು ಒಂದು ತಾಸು ಇರುವಾಗಲೂ ಕೆಲವರನ್ನು ಕರೆಯುತ್ತಾನೆ. ಸಂಜೆ ಕೂಲಿ ಹಂಚುವಾಗ ಕೊನೆಗೆ ಬಂದವರ ಕೈಗೂ ಇಡೀ ದಿನದ ಕೂಲಿ ಬೀಳುತ್ತದೆ. ಬೆಳಗಿನಿಂದ ಬಿಸಿಲಿನಲ್ಲಿ ದುಡಿದವರು ಗೊಣಗುತ್ತಾರೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕ್ರೈಸ್ತರ ಸಂಖ್ಯೆ ಬಹಳ ಚಿಕ್ಕದು; ಜಿಲ್ಲೆಯ ಜನಸಂಖ್ಯೆಯಲ್ಲಿ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಆದರೆ ಅವರು ಭಾನುವಾರದ ಆರಾಧನೆಯಲ್ಲಿ ಕೇಳುವ, ಮನೆಯ ಸಂಜೆ ಪ್ರಾರ್ಥನೆಯಲ್ಲಿ ಓದಿ ಧ್ಯಾನಿಸುವ ಸುವಾರ್ತೆಯ ಪ್ರಸಂಗಗಳು ಈ ಸೀಮೆಯ ಯಾರಿಗೂ ಅಪರಿಚಿತವಲ್ಲದ ಸಂಗತಿಗಳಿಂದಲೇ ಆಗಿವೆ: ಬೀಜ, ಕಳೆ, ಅಳತೆ, ಕಣಜ, ಸಾಲ, ಕೂಲಿ. ದೇವರ ರಾಜ್ಯ ಹೇಗಿದೆ ಎಂದು ಕೇಳಿದವರಿಗೆ ಯೇಸು ಹೊಲ ಮತ್ತು ಪೇಟೆಗಳನ್ನು ತೋರಿಸಿದ. ಭಕ್ತಿ ಭಾನುವಾರ ತೂಗುವುದಿಲ್ಲ, ಸೋಮವಾರದ ತಕ್ಕಡಿಯಲ್ಲಿ ತೂಗುತ್ತದೆ ಎಂಬುದು ಈ ಕಥೆಗಳ ತಿರುಳು. ಆದ್ದರಿಂದಲೇ ಅವು ಒಂದು ಮತದವರ ಸೊತ್ತಾಗಿ ಉಳಿಯದೆ ಹೊರಗಿನವರನ್ನೂ ತಟ್ಟಿವೆ.

ಕಥೆಗಳು ಕನ್ನಡಕ್ಕೆ ಬಂದ ದಾರಿ

ಇಂಥ ಕಥೆಗಳಿಗೆ ಕನ್ನಡದ ಪ್ರೊಟೆಸ್ಟಂಟ್ ಸಭೆಗಳಲ್ಲಿ ‘ಸಾಮ್ಯ’ ಎಂದೂ ಕಥೋಲಿಕರಲ್ಲಿ ‘ಸಾಮತಿ’ ಎಂದೂ ಹೆಸರು. ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು, ಗೊತ್ತಿದ್ದುದರಿಂದ ಗೊತ್ತಿಲ್ಲದ್ದನ್ನು ಕಾಣಿಸುವುದು ಅವುಗಳ ಕೆಲಸ. ಒಬ್ಬರು ‘ಸುವಾರ್ತೆ’ ಎಂದರೆ ಇನ್ನೊಬ್ಬರು ‘ಶುಭಸಂದೇಶ’ ಎನ್ನುತ್ತಾರೆ. ಪದ ಬೇರೆ, ಗ್ರಂಥ ಒಂದೇ.

ಇವು ಕನ್ನಡಕ್ಕೆ ಬಂದುದು ಬಳ್ಳಾರಿಯ ಮೂಲಕ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಅನುವಾದ ಕೈಗೊಂಡರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಘಟ್ಟ ಹತ್ತಿ 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಅನಂತರ ಗದಗಿನ ಬದಿಯ ಬೆಟಗೇರಿಯಲ್ಲಿಯೂ ನೆಲೆನಿಂತರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಆಗ ಧಾರವಾಡ ಜಿಲ್ಲೆಯ ದಕ್ಷಿಣ ಭಾಗ. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ನಿಘಂಟಿನಿಂದ ಮನೆಮಾತಾದ ಫರ್ಡಿನಂಡ್ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ ಎಂಬ ಕಾವ್ಯ ಬರೆದು ಕ್ರಿಸ್ತನ ಬದುಕನ್ನು ಕನ್ನಡದ ಹಳೆಯ ಛಂದಸ್ಸುಗಳಿಗೆ ಹೊಂದಿಸಿದರು. ಗದ್ಯದಲ್ಲಿ ಓದಿಸುವುದಕ್ಕಿಂತ ಪದ್ಯದಲ್ಲಿ ಹಾಡಿಸಿದರೆ ಈ ಜನ ಕೇಳುತ್ತಾರೆ ಎಂಬುದು ಅವರಿಗೆ ತಿಳಿದಿತ್ತು. ಆ ಮಿಷನ್ನಿನ ಇನ್ನೊಂದು ಲಕ್ಷಣವೂ ಇಲ್ಲಿ ನೆನೆಯತಕ್ಕದ್ದು. ಮತ ಬದಲಿಸಿದವರು ಜಾತಿಯ ಜೊತೆಗೆ ಜಾತಿಯ ಕಸುಬನ್ನೂ ಕಳೆದುಕೊಳ್ಳುತ್ತಿದ್ದರು. ಅವರ ಹೊಟ್ಟೆಪಾಡಿಗೆಂದು ಮಿಷನ್ ನೇಯ್ಗೆ, ಹೆಂಚು, ಮುದ್ರಣದಂಥ ಕೈಗಾರಿಕೆಗಳನ್ನು ನಡೆಸಬೇಕಾಯಿತು. ಹೀಗೆ ಪ್ರಾರ್ಥನೆಯ ಹಿಂದೆಯೇ ದಿನಗೂಲಿಯ ಪ್ರಶ್ನೆ ಬಂದು ನಿಂತಿತು.

ಕೂರಿಗೆಯ ಸೀಮೆಯಲ್ಲಿ ಬಿತ್ತುವವನ ಕಥೆ

ಸಾಮ್ಯಗಳಲ್ಲಿ ಎಲ್ಲರಿಗೂ ತಿಳಿದದ್ದು ಬಿತ್ತುವವನ ಕಥೆ. ಅವನು ಬೀಜ ಚೆಲ್ಲುತ್ತ ಹೋದಾಗ ಕೆಲವು ದಾರಿಯ ಮೇಲೆ ಬಿದ್ದು ಹಕ್ಕಿಗಳ ಪಾಲಾದವು. ಕೆಲವು ಕಲ್ಲುನೆಲದಲ್ಲಿ ಮೊಳೆತು ಬಿಸಿಲಿಗೆ ಬಾಡಿದವು. ಕೆಲವನ್ನು ಮುಳ್ಳು ಅಮುಕಿತು. ಒಳ್ಳೆಯ ನೆಲಕ್ಕೆ ಬಿದ್ದವು ಮೂವತ್ತರಷ್ಟು, ಅರವತ್ತರಷ್ಟು, ನೂರರಷ್ಟು ಫಲ ಕೊಟ್ಟವು.

ಹಾವೇರಿ ಸೀಮೆಯ ಒಕ್ಕಲಿಗನಿಗೆ ಈ ಕಥೆ ಕೇಳಿದ ಕೂಡಲೇ ಒಂದು ಸಂಶಯ ಬರಬೇಕು: ಬೀಜವನ್ನು ದಾರಿಯ ಮೇಲೆ ಚೆಲ್ಲುವ ಇವನೆಂಥ ರೈತ? ಈ ಸೀಮೆ ಕೂರಿಗೆಯ ಸೀಮೆ. ಎತ್ತು ಎಳೆಯುವ ಕೂರಿಗೆಯ ಬಟ್ಟಲಿಗೆ ಬಿತ್ತುವವರು ಹಿಡಿಹಿಡಿಯಾಗಿ ಬೀಜ ಬಿಡುತ್ತಾರೆ. ಅದು ಕೊಳವೆಗಳಲ್ಲಿ ಇಳಿದು ಸಾಲು ತಪ್ಪದೆ ನೆಲ ಸೇರುತ್ತದೆ. ಒಂದು ಕಾಳೂ ಹೊರಗೆ ಬೀಳಬಾರದು ಎಂಬುದು ಇಲ್ಲಿಯ ಜಾಣತನ. ಪ್ಯಾಲೆಸ್ಟೈನಿನಲ್ಲಿ ಕೈಯಿಂದ ಬೀಜ ಎರಚುವ ರೂಢಿಯಿತ್ತು. ಎರಚಿದ ಮೇಲೆ ನೆಲವನ್ನು ಉತ್ತು ಬೀಜ ಮುಚ್ಚುತ್ತಿದ್ದರೆಂದು ಹಲವು ವಿದ್ವಾಂಸರು ವಿವರಿಸುತ್ತಾರೆ. ಹಾಗಿದ್ದರೂ ಕಥೆಯ ರೈತ ಸ್ವಲ್ಪ ಉದಾರಿಯೇ. ನೆಲದ ಯೋಗ್ಯತೆ ನೋಡಿ ಬೀಜ ಹಾಕುವುದು ಒಕ್ಕಲುತನ; ಯೋಗ್ಯತೆ ನೋಡದೆ ಹಾಕುವುದು ದೇವರ ಕ್ರಮ ಎಂಬ ಅರ್ಥ ಆಗ ತೆರೆದುಕೊಳ್ಳುತ್ತದೆ. ಕೂರಿಗೆ ಬಲ್ಲವನಿಗೆ ಈ ಅರ್ಥ ಇತರರಿಗಿಂತ ಬೇಗ ಹೊಳೆಯುತ್ತದೆ.

ಕಥೋಲಿಕ ಪೂಜಾಕ್ರಮದಲ್ಲಿ ಸುವಾರ್ತೆಯ ವಾಚನಗಳು ಮೂರು ವರ್ಷಗಳ ಆವರ್ತದಲ್ಲಿ ಬರುತ್ತವೆ. ಮತ್ತಾಯನ ಸುವಾರ್ತೆ ಓದುವ ವರ್ಷ ಈ ಬಿತ್ತುವವನ ಕಥೆ ಬರುವುದು ಜುಲೈ ನಡುವಿನ ಭಾನುವಾರ. ಅದರ ಮುಂದಿನ ಭಾನುವಾರ ಗೋಧಿಯ ನಡುವೆ ಬೆಳೆದ ಕಳೆಯ ಕಥೆ. ರೋಮಿನಲ್ಲಿ ಗೊತ್ತಾದ ಈ ಕ್ರಮ ಹಾವೇರಿಯ ಮುಂಗಾರಿಗೆ ತಾನಾಗಿಯೇ ಹೊಂದಿಕೊಂಡಂತಿದೆ. ಜೂನಿನಲ್ಲಿ ಬಿತ್ತಿದ ಗೋವಿನಜೋಳ, ಹತ್ತಿ, ಶೇಂಗಾ ಜುಲೈ ನಡುವಿಗೆ ಗೇಣುದ್ದ ಎದ್ದಿರುತ್ತವೆ. ಎಡೆ ಹೊಡೆಯುವ, ಕಸ ತೆಗೆಯುವ ಕೆಲಸ ಆಗಲೇ. ಕಸ ಕಂಡ ಕೂಡಲೇ ಕೀಳಬೇಕೆನ್ನುವ ಹೊತ್ತಿನಲ್ಲಿ, ಕಳೆ ಕೀಳುವ ಭರದಲ್ಲಿ ಬೆಳೆ ಕಿತ್ತೀರಿ, ಸುಗ್ಗಿಯ ತನಕ ತಾಳಿರಿ ಎನ್ನುವ ಯಜಮಾನನ ಮಾತು ಬರುತ್ತದೆ. ಅಲ್ಲಿಯ ಕಳೆ ಎಳೆಯದಿರುವಾಗ ಗೋಧಿಯಂತೆಯೇ ಕಾಣುವ ಜಾತಿಯದು. ಮನುಷ್ಯರಲ್ಲಿ ಕಾಳು ಯಾವುದು, ಕಳೆ ಯಾವುದು ಎಂದು ಅವಸರದಲ್ಲಿ ತೀರ್ಮಾನಿಸಬಾರದೆಂಬುದೇ ಕಥೆಯ ಸಾರ. ಹೊಲದ ಪಾಠವನ್ನು ಕಥೆ ತಿರುಗಿಸಿ ಹಿಡಿಯುತ್ತದೆ.

ಮತ್ತಾಯನ ವರ್ಷ 2023ರಲ್ಲಿ ಬಂದಿತ್ತು. ಆ ವರ್ಷ ಕರ್ನಾಟಕದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಜುಲೈ 16ರಂದು ಬಿತ್ತುವವನ ಕಥೆ ಓದಿದ ಕಡೆಗಳಲ್ಲಿ ಒಳ್ಳೆಯ ನೆಲಕ್ಕೆ ಬಿದ್ದ ಬೀಜದ ಪಾಡೇನು ಎಂಬುದು ಬರೀ ಉಪಮೆಯ ಪ್ರಶ್ನೆಯಾಗಿರಲಿಲ್ಲ. ಬಿತ್ತನೆ ಈ ಜಿಲ್ಲೆಯಲ್ಲಿ ನೆತ್ತರನ್ನೂ ಕಂಡಿದೆ. ರಸಗೊಬ್ಬರ ಸಿಗದೆ ಬೀದಿಗಿಳಿದ ರೈತರ ಮೇಲೆ 2008ರ ಜೂನ್ 10ರಂದು ಹಾವೇರಿಯಲ್ಲಿ ಪೊಲೀಸರು ಗುಂಡು ಹಾರಿಸಿದರು. ಬೀಜ ಮತ್ತು ನೆಲದ ಮಾತನ್ನು ಇಲ್ಲಿ ಮೃದುವಾಗಿ ಹೇಳಿ ಮುಗಿಸಲು ಬಾರದು.

ಸಂಜೆ ಐದರ ಆಳು

ಈಗ ಮೊದಲು ಹೇಳಿದ ದ್ರಾಕ್ಷಿ ತೋಟಕ್ಕೆ ಮರಳಬಹುದು. ಯೆಹೂದ್ಯರು ಹಗಲಿನ ತಾಸುಗಳನ್ನು ಸೂರ್ಯೋದಯದಿಂದ ಎಣಿಸುತ್ತಿದ್ದರು. ಕಥೆಯ ಯಜಮಾನ ಪೇಟೆಗೆ ಹೋಗುವುದು ನಸುಕಿನಲ್ಲಿ, ಮತ್ತೆ ಮೂರನೆಯ, ಆರನೆಯ, ಒಂಬತ್ತನೆಯ ತಾಸುಗಳಲ್ಲಿ, ಕಡೆಗೆ ಹನ್ನೊಂದನೆಯ ತಾಸಿನಲ್ಲಿ. ಈಗಿನ ಗಡಿಯಾರದ ಲೆಕ್ಕಕ್ಕೆ ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಮೂರು ಮತ್ತು ಸಂಜೆ ಐದು. ಐದು ಗಂಟೆಗೂ ನಿಂತಿದ್ದವರನ್ನು ಅವನು ಕೇಳುತ್ತಾನೆ: ದಿನವೆಲ್ಲ ಸುಮ್ಮನೆ ಏಕೆ ನಿಂತಿರಿ? ಅವರ ಉತ್ತರ ಇಷ್ಟೇ: ನಮ್ಮನ್ನು ಯಾರೂ ಕರೆಯಲಿಲ್ಲ.

ಕಥೆಯ ಕೀಲಿ ಈ ಉತ್ತರದಲ್ಲಿದೆ. ಕೂಲಿಗೆ ಆಳು ಆರಿಸುವವರು ಗಟ್ಟಿಮುಟ್ಟಾದವರನ್ನು ಮೊದಲು ಕರೆಯುತ್ತಾರೆ. ಸಂಜೆಯವರೆಗೆ ಉಳಿಯುವವರು ಮುದುಕರು, ಬಡಕಲು ಮೈಯವರು, ಊರಿಗೆ ಹೊಸಬರು. ಅವರು ಸೋಮಾರಿಗಳಾಗಿದ್ದರೆ ಮನೆಗೆ ಹೋಗಿ ಮಲಗಿರುತ್ತಿದ್ದರು. ದಿನವಿಡೀ ಪೇಟೆಯಲ್ಲಿ ನಿಂತದ್ದೂ ಒಂದು ದುಡಿಮೆಯೇ. ಬೆಳಗಿನ ಎಂಟಕ್ಕೆ ರಾಣೆಬೆನ್ನೂರಿನಂಥ ಯಾವ ಊರಿನ ಕೂಲಿಕಾರರ ಕಟ್ಟೆಯನ್ನು ನೋಡಿದರೂ ಈ ಮಾತು ತಿಳಿಯುತ್ತದೆ. ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದ ಆ ತಾಲ್ಲೂಕಿನಲ್ಲಿ ಹೂವಿನಿಂದ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ನಾಜೂಕು ಕೆಲಸಕ್ಕೆ ಚುರುಕು ಬೆರಳುಗಳೇ ಬೇಕು. ಬೆರಳು ನಡುಗುವವರ ಸರದಿ ಕೊನೆಗೆ.

ಯಜಮಾನ ಕೊಟ್ಟದ್ದು ಒಂದು ದೆನಾರಿ. ಅದು ಆ ಕಾಲದಲ್ಲಿ ಒಬ್ಬ ಆಳಿನ ಒಂದು ದಿನದ ರೂಢಿಯ ಕೂಲಿ, ಅಂದರೆ ಒಂದು ಮನೆಯ ಮರುದಿನದ ಒಲೆ ಉರಿಯಲು ಬೇಕಾದಷ್ಟು. ದಿನದ ಹನ್ನೆರಡನೆಯ ಒಂದು ಭಾಗ ದುಡಿದವನಿಗೆ ಹನ್ನೆರಡನೆಯ ಒಂದು ಭಾಗ ಕೊಟ್ಟಿದ್ದರೆ ಲೆಕ್ಕ ಸರಿಹೋಗುತ್ತಿತ್ತು, ಆದರೆ ಮನೆಯವರ ಹಸಿವು ಹನ್ನೆರಡನೆಯ ಒಂದು ಭಾಗಕ್ಕೆ ಇಳಿಯುತ್ತಿರಲಿಲ್ಲ. ಯಜಮಾನ ಕೂಲಿಯನ್ನು ದುಡಿಮೆಯ ಕಡೆಯಿಂದ ಅಳೆಯದೆ ಒಲೆಯ ಕಡೆಯಿಂದ ಅಳೆದ. ಅದನ್ನೂ ಹೊತ್ತು ಮುಳುಗುವಾಗಲೇ ಕೊಟ್ಟ. ಕೂಲಿಯವನ ಕೂಲಿಯನ್ನು ರಾತ್ರಿ ದಾಟಿಸಕೂಡದೆಂಬುದು ಮೋಶೆಯ ಧರ್ಮಶಾಸ್ತ್ರದ ಕಟ್ಟಳೆ.

ಇಲ್ಲಿ ಆಕ್ಷೇಪವೂ ಸಹಜ. ಹೀಗೆ ಕೊಟ್ಟರೆ ನಾಳೆ ಬೆಳಿಗ್ಗೆ ಯಾರು ಕೆಲಸಕ್ಕೆ ಬರುತ್ತಾರೆ? ಕಥೆ ಆಡಳಿತದ ಕೈಪಿಡಿಯಲ್ಲ. ದೇವರ ಕೃಪೆ ಯೋಗ್ಯತೆಗೆ ತಕ್ಕ ಸಂಬಳವಲ್ಲ ಎಂಬುದನ್ನು ತೋರಿಸಲು ಹೇಳಿದ್ದು. ಆದರೆ ಅಷ್ಟು ಹೇಳಿ ಕೈತೊಳೆದುಕೊಳ್ಳಲು ಬಾರದು. ಬೆಳಗಿನವರಿಗೆ ಮಾತಾಡಿಕೊಂಡ ಕೂಲಿಯಲ್ಲಿ ಒಂದು ಬಿಡಿಗಾಸೂ ಕಡಿಮೆಯಾಗಿಲ್ಲ. ಅವರ ನೋವಿಗೆ ಕಾರಣ ತಮಗೆ ಸಿಕ್ಕಿದ್ದಲ್ಲ, ಪಕ್ಕದವನಿಗೆ ಸಿಕ್ಕಿದ್ದು. ಮೂಲ ಗ್ರೀಕಿನಲ್ಲಿ ಯಜಮಾನ ಅವರಿಗೆ ಕೇಳುವುದು ‘ಕೆಟ್ಟ ಕಣ್ಣಿ’ನ ಮಾತನ್ನು: ನಾನು ಒಳ್ಳೆಯವನಾದರೆ ನಿನ್ನ ಕಣ್ಣು ಏಕೆ ಕೆಡಬೇಕು? ಕೆಟ್ಟ ಕಣ್ಣು ಎಂದರೇನೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೃಷ್ಟಿ ತೆಗೆಯಲು ಒಣಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕುವ ನಾಡು ಇದು. ಪರರ ಕಣ್ಣು ತಮಗೆ ತಾಗದಿರಲೆಂದು ನಿವಾಳಿಸುತ್ತಾರೆ. ತಮ್ಮ ಕಣ್ಣು ಪರರಿಗೆ ತಾಗದಂತೆ ನೋಡಿಕೊಳ್ಳಿರೆಂದು ಸಾಮ್ಯ ಹೇಳುತ್ತದೆ.

ಈ ಕಥೆಗೆ ಒಂದು ದೂರದ ಪ್ರಯಾಣವೂ ಇದೆ. ಇಂಗ್ಲೆಂಡಿನ ಜಾನ್ ರಸ್ಕಿನ್ 1860ರಲ್ಲಿ ಬರೆದ ಆರ್ಥಿಕ ಪ್ರಬಂಧಗಳಿಗೆ ಇದೇ ಕಥೆಯ ಮಾತಿನಿಂದ ‘ಅನ್ ಟು ದಿಸ್ ಲಾಸ್ಟ್’ ಎಂದು ಹೆಸರಿಟ್ಟರು. ಈ ಕೊನೆಯವನಿಗೂ ಎಂದು ಅದರ ಅರ್ಥ. 1904ರಲ್ಲಿ ಜೊಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಗಾಂಧೀಜಿ ಆ ಪುಸ್ತಕ ಓದಿದರು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. 1908ರಲ್ಲಿ ಅದರ ಸಾರವನ್ನು ಗುಜರಾತಿಯಲ್ಲಿ ಬರೆದು ‘ಸರ್ವೋದಯ’ ಎಂದು ಕರೆದರು. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ ಎಂಬುದು ಅವರು ಅದರಿಂದ ಎತ್ತಿಕೊಂಡ ಪಾಠ. ಆಶ್ರಮ, ನೂಲುವಿಕೆ, ಗ್ರಾಮಸೇವೆ ಎಲ್ಲಕ್ಕೂ ಆ ಪಾಠದ ನೆರಳಿದೆ. ಗಾಂಧೀಜಿಯ ಆಶ್ರಮ ಸೇರಿ 1930ರ ದಂಡಿ ಯಾತ್ರೆಯಲ್ಲಿ ನಡೆದ ಏಕೈಕ ಕನ್ನಡಿಗ ಮೈಲಾರ ಮಹಾದೇವ. ಅವರ ಊರು ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರು. ಊರಿಗೆ ಮರಳಿ ಖಾದಿ, ಗ್ರಾಮಸೇವೆಗಳಲ್ಲಿ ತೊಡಗಿದ ಮಹಾದೇವ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದರು. ಗಲಿಲಾಯದ ಕಥೆಯೊಂದು ಲಂಡನ್, ದಕ್ಷಿಣ ಆಫ್ರಿಕ, ಸಾಬರಮತಿಗಳನ್ನು ಸುತ್ತಿಕೊಂಡು ಮೆಣಸಿನಕಾಯಿಯ ಸೀಮೆಗೆ ಚರ್ಚಿನ ಬಾಗಿಲಿನಿಂದಲ್ಲದೆ ಬೇರೊಂದು ಬಾಗಿಲಿನಿಂದಲೂ ಬಂದಿತ್ತು.

ಆರು ಕೋಟಿ ದಿನಗಳ ಸಾಲ

ಕೂಲಿಯ ಕಥೆಗೆ ಮುಂಚಿನ ಭಾನುವಾರ ಓದುವುದು ಸಾಲದ ಕಥೆ. ಒಬ್ಬ ಅರಸನಿಗೆ ಅವನ ಸೇವಕ ಹತ್ತು ಸಾವಿರ ತಲಾಂತು ಬಾಕಿ. ಕಾಲು ಹಿಡಿದು ಬೇಡಿಕೊಂಡದ್ದಕ್ಕೆ ಅರಸ ಅಷ್ಟನ್ನೂ ಬಿಟ್ಟುಬಿಟ್ಟ. ಅದೇ ಸೇವಕ ಹೊರಗೆ ಬಂದವನು ತನಗೆ ನೂರು ದೆನಾರಿ ಕೊಡಬೇಕಾಗಿದ್ದ ಜೊತೆಯವನ ಕುತ್ತಿಗೆ ಹಿಡಿದು ಸೆರೆಗೆ ಹಾಕಿಸಿದ.

ಸಂಖ್ಯೆಗಳನ್ನು ಕೂಲಿಗೆ ಇಳಿಸಿ ನೋಡಿದರೆ ಕಥೆಯ ಹರಿತ ತಿಳಿಯುತ್ತದೆ. ಒಂದು ತಲಾಂತಿಗೆ ಆರು ಸಾವಿರ ದೆನಾರಿ. ಹತ್ತು ಸಾವಿರ ತಲಾಂತೆಂದರೆ ಆರು ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು ಎರಡು ಲಕ್ಷ ವರ್ಷ ಬೇಕು. ಇತ್ತ ನೂರು ದೆನಾರಿ ಎಂದರೆ ನೂರು ದಿನಗಳ ಕೂಲಿ. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ ಒಂದು ಕುಟುಂಬಕ್ಕೆ ವರ್ಷಕ್ಕೆ ಕೊಟ್ಟ ಭರವಸೆಯೂ ನೂರು ದಿನಗಳದ್ದೇ. ನೂರು ದಿನದ ಕೂಲಿ ಚಿಕ್ಕ ಮೊತ್ತವಲ್ಲವೆಂದು ಬಡವರಿಗೆ ಗೊತ್ತು. ಕ್ಷಮಿಸುವುದು ಸುಲಭವೆಂದು ಯೇಸು ಹೇಳಲಿಲ್ಲ. ಪಡೆದ ಕ್ಷಮೆಯ ಮುಂದೆ ಕೊಡಬೇಕಾದ ಕ್ಷಮೆ ಆರು ಲಕ್ಷದಲ್ಲಿ ಒಂದು ಪಾಲು ಎಂದಷ್ಟೇ ಲೆಕ್ಕ ತೋರಿಸಿದ.

ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿಯೂ ಈ ಎರಡು ಸಂಗತಿಗಳು ಪಕ್ಕಪಕ್ಕ ಇವೆ: ಮೊದಲು ಆ ದಿನದ ಆಹಾರಕ್ಕಾಗಿ ಬೇಡಿಕೆ, ಅದರ ಬೆನ್ನಿಗೇ ಕ್ಷಮೆಗಾಗಿ ಬೇಡಿಕೆ. ಮತ್ತಾಯನಲ್ಲಿ ಕ್ಷಮೆಯ ಪದ ಸಾಲದ ಪದವೇ. ಲೂಕನಲ್ಲಿ ಅದು ಪಾಪವಾಗಿದೆ. ಯೇಸು ಆಡುತ್ತಿದ್ದ ಅರಮಾಯಿಕ್ ನುಡಿಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದ. ಕನ್ನಡದ ‘ಋಣ’ ಅದಕ್ಕೆ ಹತ್ತಿರದ ಮಾತು. ಹಣದ ಬಾಕಿಯನ್ನೂ ಮನುಷ್ಯರ ನಡುವೆ ಉಳಿದ ಬಾಕಿಯನ್ನೂ ಅದು ಒಟ್ಟಿಗೆ ಸೂಚಿಸುತ್ತದೆ. ಸಾಲ ತೀರದೆ ರೈತರು ಜೀವ ಬಿಟ್ಟ ಸುದ್ದಿಗಳನ್ನು ವರ್ಷವರ್ಷವೂ ಓದಬೇಕಾದ ಜಿಲ್ಲೆಯಲ್ಲಿ ಈ ಪ್ರಾರ್ಥನೆ ಬಾಯಿಪಾಠದ ಸಾಲಾಗಿ ಉಳಿಯುವುದು ಕಷ್ಟ. ಮನೆಯಲ್ಲಿ ಅದನ್ನು ಹೇಳುವವರಿಗೆ ಅದು ಕೇಳುವ ಪ್ರಶ್ನೆ ತೀರ ಹತ್ತಿರದ್ದು: ನಮಗೆ ಕೊಡಬೇಕಾದ ನೆರೆಮನೆಯವನೊಡನೆ ಮಾತು ನಿಂತು ಎಷ್ಟು ದಿನವಾಯಿತು?

ಅಳತೆ ಮತ್ತು ಕಣಜ

ನೀವು ಅಳೆಯುವ ಅಳತೆಯಿಂದಲೇ ನಿಮಗೂ ಅಳೆದುಕೊಡಲಾಗುವುದೆಂಬ ಬೋಧನೆ ಮೂರು ಸುವಾರ್ತೆಗಳಲ್ಲಿದೆ. ಲೂಕ ಅದಕ್ಕೆ ಚಿತ್ರವನ್ನೇ ಕೊಡುತ್ತಾನೆ: ಒತ್ತಿ, ಅಲ್ಲಾಡಿಸಿ, ಹೊರಚೆಲ್ಲುವಂತೆ ತುಂಬಿದ ಅಳತೆ. ಕಣದಲ್ಲಿ ರಾಶಿ ಅಳೆದವರಿಗೆ ಇದರ ಅರ್ಥ ಕೈಗೇ ಗೊತ್ತು. ಕೊಳಗವನ್ನು ತಲೆತಟ್ಟಿ ಕೊಡುವುದಕ್ಕೂ ಗೋಪುರವಾಗಿ ತುಂಬಿ ಕೊಡುವುದಕ್ಕೂ ಇರುವ ವ್ಯತ್ಯಾಸ ಕಾಳಿನದ್ದಷ್ಟೇ ಅಲ್ಲ, ಮನಸ್ಸಿನದ್ದು. ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಕೆ ಆರಂಭಿಸುವ ರೂಢಿ, ರಾಶಿ ಮನೆಗೆ ಹೋಗುವ ಮುಂಚೆ ಆಯಗಾರರಿಗೆ ಪಾಲು ಕೊಡುವ ಪದ್ಧತಿ ಇವೆಲ್ಲ ಒಂದು ನಂಬಿಕೆಯ ಗುರುತುಗಳು. ಬೆಳೆದದ್ದೆಲ್ಲ ಬೆಳೆದವನದ್ದಲ್ಲ ಎಂಬುದು ಆ ನಂಬಿಕೆ.

ಇದಕ್ಕೆ ಎದುರಾಗಿ ಲೂಕನಲ್ಲಿ ಒಬ್ಬ ಸಾಹುಕಾರನ ಕಥೆ ಇದೆ. ಹೊಲ ಚೆನ್ನಾಗಿ ಬೆಳೆದಾಗ ಅವನು ಹಳೆಯ ಕಣಜಗಳನ್ನು ಕೆಡವಿ ದೊಡ್ಡವನ್ನು ಕಟ್ಟಿಸಲು ಯೋಚಿಸುತ್ತಾನೆ. ಆ ರಾತ್ರಿಯೇ ಅವನ ಆಯುಷ್ಯ ಮುಗಿಯುತ್ತದೆ. ಕೂಡಿಡುವುದೇ ಪಾಪವೆಂದು ಈ ಕಥೆಯನ್ನು ಓದುವುದುಂಟು. ಅದು ಸರಿಯಲ್ಲ. ಬರಗಾಲಕ್ಕೆಂದು ಧಾನ್ಯ ಕೂಡಿಟ್ಟ ಯೋಸೇಫನನ್ನು ಬೈಬಲ್ಲೇ ಮೆಚ್ಚುತ್ತದೆ. ಸಾಹುಕಾರನ ತಪ್ಪು ಅವನ ಮಾತಿನಲ್ಲಿದೆ. ನನ್ನ ಬೆಳೆ, ನನ್ನ ಕಣಜ, ನನ್ನ ಸರಕು, ನನ್ನ ಪ್ರಾಣ ಎಂದು ಅವನು ತನ್ನೊಡನೆ ತಾನೇ ಮಾತಾಡಿಕೊಳ್ಳುತ್ತಾನೆ. ಇಡೀ ಕಥೆಯಲ್ಲಿ ಹೆಂಡತಿ ಇಲ್ಲ, ಆಳಿಲ್ಲ, ನೆರೆಯವನಿಲ್ಲ.

ಬ್ಯಾಡಗಿಯ ಸುತ್ತ ಶೀತಲ ಗೋದಾಮುಗಳಿವೆ. ಕಾಯಿಯ ಬಣ್ಣ ಕೆಡದಂತೆ ಇಡಲು, ಒಳ್ಳೆಯ ಬೆಲೆಗೆ ಕಾಯಲು ಅವು ಬೇಕು. ಆದರೆ ಕಾಯುವ ಶಕ್ತಿ ಎಲ್ಲರಿಗೂ ಒಂದೇ ಸಮ ಇರುವುದಿಲ್ಲ. ಸಾಲದ ಕಂತು ಕಟ್ಟಬೇಕಾದವನು ಇಂದಿನ ಬೆಲೆಗೇ ಮಾರಬೇಕು. 2024ರ ಮಾರ್ಚ್ 11ರಂದು ಬೆಲೆ ಏಕಾಏಕಿ ಕುಸಿಯಿತೆಂದು ರೊಚ್ಚಿಗೆದ್ದ ಬೆಳೆಗಾರರು ಬ್ಯಾಡಗಿಯ ಕೃಷಿ ಮಾರುಕಟ್ಟೆಯ ಕಚೇರಿಗೆ ನುಗ್ಗಿದರು. ವಾಹನಗಳಿಗೆ ಬೆಂಕಿ ಬಿತ್ತು. ಆ ಬೆಂಕಿಯನ್ನು ಸುವಾರ್ತೆ ಸಮರ್ಥಿಸುವುದಿಲ್ಲ. ಅಳತೆಯ ಬಗ್ಗೆ ಅದು ಎತ್ತುವ ಪ್ರಶ್ನೆಯನ್ನು ಮಾತ್ರ ಬೆಳೆಗಾರ, ದಲಾಲ, ಖರೀದಿದಾರ ಯಾರೂ ತಮಗೆ ಸಂಬಂಧಿಸಿದ್ದಲ್ಲವೆಂದು ತಳ್ಳಿಹಾಕುವಂತಿಲ್ಲ.

ಸರ್ವಜ್ಞನ ಬೆನ್ನು ಹತ್ತಿದ ಸಭಾಪಾಲಕ

ಹೊಲ, ತಕ್ಕಡಿ, ಕೂಲಿಗಳ ಮೂಲಕ ಭಕ್ತಿಯನ್ನು ಅಳೆಯುವುದು ಈ ಸೀಮೆಗೆ ಹೊಸದಾಗಿರಲಿಲ್ಲ. ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳು ಸರ್ವಜ್ಞನನ್ನು ತಮ್ಮವನೆನ್ನುತ್ತವೆ. ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರ ಅಂಬಿಗರ ಚೌಡಯ್ಯನ ನೆನಪಿನ ಊರು. ಕನಕದಾಸರ ಬಾಡ, ಶರೀಫರ ಶಿಶುವಿನಹಾಳ ಇದೇ ಜಿಲ್ಲೆಯವು. ಹನ್ನೆರಡನೆಯ ಶತಮಾನದ ಶರಣರು ಕಾಯಕ, ದಾಸೋಹಗಳ ಮಾತಾಡಿದಾಗಲೂ ಪ್ರಶ್ನೆ ಇದೇ ಆಗಿತ್ತು. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇಂದಿಗೆ ಸಾಕಾದಷ್ಟು ಉಳಿಸಿಕೊಂಡು ಮಿಕ್ಕದ್ದನ್ನು ತಂದಲ್ಲೇ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳಿಸಿದ ಕಥೆ ಎಲ್ಲರಿಗೂ ಗೊತ್ತು. ಆ ದಿನದ ಆಹಾರವನ್ನಷ್ಟೇ ಬೇಡುವ ಕ್ರೈಸ್ತ ಪ್ರಾರ್ಥನೆಗೆ ಅದಕ್ಕಿಂತ ಹತ್ತಿರದ ಕನ್ನಡ ಕಥೆ ಸಿಗುವುದು ಕಷ್ಟ.

ಈ ಹತ್ತಿರವನ್ನು ಮೊದಲು ಮನಗಂಡವರಲ್ಲಿ ಒಬ್ಬರು ಉತ್ತಂಗಿ ಚನ್ನಪ್ಪ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಬಾಸೆಲ್ ಮಿಷನ್ನಿನ ಸಭಾಪಾಲಕರು. ಸುವಾರ್ತೆ ಸಾರಲು ಹಳ್ಳಿಗಳಲ್ಲಿ ತಿರುಗುವವರು ತಿರುಗುತ್ತಲೇ ಸರ್ವಜ್ಞನ ತ್ರಿಪದಿಗಳನ್ನು ಓಲೆಗರಿಗಳಿಂದಲೂ ಜನರ ಬಾಯಿಂದಲೂ ಕೂಡಿಸಿದರು. ಸುಮಾರು ಎರಡು ಸಾವಿರ ವಚನಗಳ ಅವರ ಸಂಗ್ರಹ 1924ರಲ್ಲಿ ಪ್ರಕಟವಾದಾಗ ಸರ್ವಜ್ಞ ನಾಡಿಗೆ ಇಡಿಯಾಗಿ ದೊರೆತ. ಮುಂದೆ ಮೋಳಿಗೆಯ ಮಾರಯ್ಯ, ಸಿದ್ಧರಾಮ, ಆದಯ್ಯ ಮೊದಲಾದ ಶರಣರ ಸಾಹಿತ್ಯವನ್ನೂ ಅವರು ಸಂಪಾದಿಸಿದರು. ಮೋಳಿಗೆಯ ಮಾರಯ್ಯ ಸೌದೆ ಹೊತ್ತು ಮಾರಿ ಬಾಳಿದ ಶರಣ. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಉತ್ತಂಗಿಯವರಿಗೆ ಬಂತು. 1962ರಲ್ಲಿ ತೀರಿಕೊಳ್ಳುವವರೆಗೂ ಅವರು ಕ್ರೈಸ್ತರಾಗಿಯೇ ಉಳಿದರು, ಶರಣ ಸಾಹಿತ್ಯದ ಸೇವಕರಾಗಿಯೂ ಉಳಿದರು. ಅವರ ಒಂದು ಕೃತಿಯ ಹೆಸರು ‘ಬನಾರಸಕ್ಕೆ ಬೆತ್ಲೆಹೇಮದ ವಿನಂತಿ’. ಬೆತ್ಲೆಹೇಮ್ ಬನಾರಸಕ್ಕೆ ಅಪ್ಪಣೆ ಕೊಡುವುದಿಲ್ಲ, ವಿನಂತಿ ಮಾಡಿಕೊಳ್ಳುತ್ತದೆ ಎಂಬ ಭಾವ ಹೆಸರಿನಲ್ಲೇ ಇದೆ.

ಎರಡೂ ಒಂದೇ ಎಂದು ಹೇಳಿದರೆ ಎರಡಕ್ಕೂ ಅನ್ಯಾಯವಾದೀತು. ಕಾಯಕದಲ್ಲಿ ಒತ್ತು ದುಡಿಯುವವನ ಶುದ್ಧಿಯ ಮೇಲೆ. ದುಡಿಯದೆ ಉಣ್ಣುವುದನ್ನು ಶರಣರು ಒಪ್ಪಲಿಲ್ಲ. ದ್ರಾಕ್ಷಿ ತೋಟದ ಕಥೆಯಲ್ಲಿ ಒತ್ತು ಕೊಡುವವನ ಔದಾರ್ಯದ ಮೇಲೆ. ದುಡಿಯಲು ಅವಕಾಶ ಸಿಗದವನೂ ಉಣ್ಣಬೇಕೆಂದು ಅದು ಹೇಳುತ್ತದೆ. ಈ ಎರಡು ಮಾತುಗಳೂ ಕೂಡಿದರೆ ಕೂಲಿಯ ಪ್ರಶ್ನೆ ಪೂರ್ತಿಯಾಗುತ್ತದೆ. ಉತ್ತಂಗಿಯವರಂಥವರು ಎರಡೂ ಕಡೆ ಕಿವಿಗೊಟ್ಟದ್ದರ ಫಲವೆಂದರೆ, ಈ ಭಾಗದ ಕ್ರೈಸ್ತನಿಗೆ ಸುವಾರ್ತೆಯನ್ನು ತನ್ನ ನೆಲದ ಮಾತಿನಲ್ಲೇ ಧ್ಯಾನಿಸುವ ದಾರಿ ತೆರೆದಿದೆ.

ಅಂಥ ಧ್ಯಾನಕ್ಕೆ ದೊಡ್ಡ ಏರ್ಪಾಡು ಬೇಕಾಗಿಲ್ಲ. ದೀಪ ಹಚ್ಚಿದ ಮೇಲೆ ಮನೆಯವರು ಕೂಡಿ ಒಂದು ಪ್ರಸಂಗ ಓದುತ್ತಾರೆ. ಆ ದಿನ ನಡೆದದ್ದನ್ನು ಅದರ ಪಕ್ಕದಲ್ಲಿಟ್ಟು ನೋಡುತ್ತಾರೆ. ಇಂದು ಯಾರಿಗೆ ಕೂಲಿ ಕೊಟ್ಟೆವು, ಹೊತ್ತು ಮುಳುಗುವ ಮುಂಚೆ ಕೊಟ್ಟೆವೇ? ಯಾರಿಗೆ ಅಳೆದು ಕೊಟ್ಟೆವು, ಯಾವ ಅಳತೆಯಲ್ಲಿ? ಯಾರ ಏಳಿಗೆ ಕಂಡು ಕಣ್ಣು ಉರಿಯಿತು? ಇವಕ್ಕೆ ಉತ್ತರ ಹೇಳಲು ಕ್ರೈಸ್ತನೇ ಆಗಿರಬೇಕೆಂದಿಲ್ಲ. ಕ್ರೈಸ್ತನಾದವನು ಮಾತ್ರ ತಪ್ಪಿಸಿಕೊಳ್ಳುವಂತಿಲ್ಲ.

ಸಂಜೆಯಾದಂತೆ ಬ್ಯಾಡಗಿಯ ಪೇಟೆಯಲ್ಲಿ ತುಂಬು ಬಿಡಿಸಿದ ಕಾಯಿ ತಕ್ಕಡಿ ಏರುತ್ತದೆ. ಮಧ್ಯಾಹ್ನ ಬಂದವಳ ಬುಟ್ಟಿ ಅರ್ಧವೂ ತುಂಬಿರುವುದಿಲ್ಲ. ಅವಳ ಕೈಗೆ ಎಷ್ಟು ಬೀಳಬೇಕೆಂದು ತಕ್ಕಡಿ ಹೇಳಬಲ್ಲದು. ಅವಳ ಮನೆಗೆ ಎಷ್ಟು ಬೇಕೆಂದು ಅದು ಹೇಳಲಾರದು. ಆ ಎರಡನೆಯ ಲೆಕ್ಕವನ್ನು ತೂಗಿಸುವವನೇ ಮಾಡಬೇಕು.